ಅಪ್ಪನ ಹಿಂದಲೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಕಲೆಯ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಹಾಸನದ ಕಾಲೇಜಿನಲ್ಲಿ ಮಣ್ಣಿನ ಶಿಲ್ಪದ ಕೋರ್ಸ್ ಹಿಡಿದದ್ದು ಅದಕ್ಕೆ ಬರೆಯುವ ಪರೀಕ್ಷೆ ಇಲ್ಲವೆಂಬ ಒಂದೇ ಕಾರಣಕ್ಕೆ. ಹಳೇಕೋಟೆಯ ಗದ್ದೆಯಲ್ಲಿ ಬೆಳೆದವನಿಗೆ ಮಣ್ಣಿನ ಬಗ್ಗೆ ಇವರೇನು ಹೇಳಿಕೊಟ್ಟಾರು ಎಂಬ ಕೊಬ್ಬೂ ಇತ್ತು. ಮನೆಯವರಲ್ಲಿ ಒಬ್ಬರ ತಲೆ ಮಾಡಿ, ಫೋಟೊ ನೋಡುವ ಹಾಗಿಲ್ಲ ಎಂದರು ಮೇಷ್ಟ್ರು. ಅಪ್ಪನನ್ನು ಆರಿಸಿಕೊಂಡೆ. ಕೂದಲು ಕಡಿಮೆ, ಹಾಗಾಗಿ ಕೆಲಸವೂ ಕಡಿಮೆ.

ವಾರದ ಕೊನೆಗೆ ಮೇಷ್ಟ್ರು ಅದನ್ನು ಹಿಂದಿನಿಂದ ನೋಡಿ ಬೆರಗಾದರು. ಕತ್ತಿನ ಎರಡು ಮಡಿಕೆ, ಬಲಗಿವಿಯ ಹಿಂದಿನ ನರಹುಲಿ, ನೆತ್ತಿಯ ಸುಳಿ, ಎಲ್ಲ ಇತ್ತು. ಆಮೇಲೆ ಮುಂದೆ ಬಂದರು. ಅಲ್ಲಿ ಮೂಗೆಂದು ಅನುಮಾನಿಸಬಹುದಾದ ಒಂದು ಉಂಡೆ ಮಾತ್ರ ಇತ್ತು. "ಏನಪ್ಪಾ, ನಿಮ್ಮಪ್ಪನ್ನ ಎದುರಿಂದ ನೋಡೇ ಇಲ್ವಾ?" ಎಂದರು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನಾನು ನಿಜಕ್ಕೂ ನೋಡಿರಲಿಲ್ಲ. ಹೈಸ್ಕೂಲು, ಪಿಯುಸಿ ಅಷ್ಟನ್ನೂ ಅಪ್ಪನ ಬೈಕಿನ ಹಿಂದೆ ಕೂತು ಹೊಳೆನರಸೀಪುರಕ್ಕೆ ಹೋಗಿ ಬಂದು ಮುಗಿಸಿದವನು ನಾನು. ನಮ್ಮ ಮಾತುಕತೆಯೆಲ್ಲ ಆ ಹಿಂದಲೆಯ ಜೊತೆಗೇ. ಆ ಬೈಕಿನ ಕನ್ನಡಿ ಸದಾ ಸೊಟ್ಟ. ನಾನು ನೆಟ್ಟಗೆ ಮಾಡುವುದು, ಅಪ್ಪ ಮತ್ತೆ ಸೊಟ್ಟ ಮಾಡುವುದು.

ಶನಿವಾರ ಊರಿಗೆ ಹೋಗಿ, ಮುದ್ದೆ ಉಣ್ಣುತ್ತಿದ್ದ ಅಪ್ಪನ ಮುಖವನ್ನೇ ದಿಟ್ಟಿಸಿದೆ. ಎರಡು ತುತ್ತು ಸಹಿಸಿಕೊಂಡ. ಮೂರನೆಯದಕ್ಕೆ ಕೈ ನಿಂತಿತು.

"ಏನ್ಲಾ, ಫೇಲಾದ್ಯಾ?"

ನಮ್ಮಲ್ಲಿ ಅಪ್ಪನ ಮುಖ ನೋಡಲು ಬೇರೆ ಕಾರಣವೇ ಇರಲಿಲ್ಲವಲ್ಲ! ಇಲ್ಲ ಎಂದೆ. ಕಣ್ಣು ತಾನಾಗಿ ತಟ್ಟೆಗಿಳಿಯಿತು. ಹಾಸ್ಟೆಲಿಗೆ ಮರಳಿ, ನನ್ನ ಮುಖವನ್ನೇ ತಡವಿ ತಡವಿ ಮೂಗು ಬಾಯಿ ಕೂರಿಸಿದೆ.

ಪ್ರದರ್ಶನಕ್ಕೆ ಅಪ್ಪ ಬೈಕಿನಲ್ಲೇ ಬಂದ. ಮಣ್ಣಿನ ತಲೆಯ ಹಿಂದೆ ನಿಂತು, ಇದು ಯಾರದೆಂದು ಕೇಳಿದ. ಪಾಪ, ತನ್ನ ಹಿಂದಲೆಯನ್ನು ಅವನು ಎಲ್ಲಿ ನೋಡಿದ್ದಾನೆ! ನೀನೇ ಕಣಪ್ಪ ಎಂದೆ. ಅವನ ಬೆರಳು ಮೆಲ್ಲಗೆ ತನ್ನದೇ ಕಿವಿಯ ಹಿಂದೆ ಹೋಗಿ ನರಹುಲಿಯನ್ನು ಮುಟ್ಟಿ ನೋಡಿತು. ಆಮೇಲೆ ಸುತ್ತಿ ಮುಂದೆ ಬಂದ.

"ನಾನಲ್ಲ ಕಣ್ಲಾ. ಇದು ನೀನು."

ಇಷ್ಟು ಬೇಗ ಗುರುತು ಹಿಡಿದನಲ್ಲ, ಇವನು ನನ್ನನ್ನು ನೋಡಿದ್ದಾದರೂ ಯಾವಾಗ? ಯೋಚಿಸುತ್ತಲೇ ಊರಿಗೆ ಹೊರಟ ಬೈಕಿನ ಹಿಂದೆ ಕೂತೆ. ಕನ್ನಡಿ ಎಂದಿನಂತೆ ಸೊಟ್ಟಗಿತ್ತು. ಸರಿಮಾಡಲು ಕೈ ಚಾಚಿದವನು ಮೊದಲ ಸಲ ಅದರೊಳಗೆ ನೋಡಿದೆ. ಅದರಲ್ಲಿ ರಸ್ತೆ ಇರಲಿಲ್ಲ, ಅಪ್ಪನ ಕಣ್ಣುಗಳಿದ್ದವು, ನನ್ನನ್ನೇ ನೋಡುತ್ತಿದ್ದವು. ಇಷ್ಟು ವರ್ಷ ನಾನು ತಿರುಗಿಸುತ್ತಿದ್ದದ್ದು ಇದನ್ನೇ.

ಕೈ ಹಿಂದೆ ತೆಗೆದುಕೊಂಡೆ. ಏನೋ ಹೇಳಬೇಕೆನ್ನಿಸಿತು. "ಪಾಸಾದೆ ಕಣಪ್ಪ" ಎಂದೆ. ಹೇಳಿದ್ದು ಮಾತ್ರ ಮತ್ತೆ ಆ ಹಿಂದಲೆಗೇ.