ವೀರಭದ್ರಪ್ಪನವರ ಮುಖದ ಬೀಗ

“ಇಡೀ ಹೈದರಾಬಾದು ತಲಿ ಕೆಳಗ ಮಾಡಿ ನಿಂತ್ರೂ ನನ್ನ ಫೋನು ತೆಗೀಲಿಕ್ಕೆ ಆಗೂದಿಲ್ಲ! ನನ್ನ ಮುಖಾನ ಬೀಗ, ನನ್ನ ಮುಖಾನ ಕೀಲಿಕೈ!”

ಹೊಸ ಫೋನು ಕೊಂಡ ದಿನ ವೀರಭದ್ರಪ್ಪನವರು ಹೀಗೆ ಘೋಷಿಸಿದಾಗ, ಕುಷಾಯಿಗೂಡದ ಆ ಮನೆಯಲ್ಲಿ ಕೇಳಿಸಿಕೊಳ್ಳಲು ಇದ್ದವರು ಹೆಂಡತಿ ಉಷಾ ಒಬ್ಬರೇ. ಅವರೂ ರೊಟ್ಟಿ ಬಡಿಯುತ್ತಿದ್ದರಿಂದ ಅರ್ಧವೇ ಕೇಳಿಸಿತು. ನಮ್ಮ ವೀರಭದ್ರಪ್ಪನವರೆಂದರೆ ಸಾಮಾನ್ಯರಲ್ಲ ನೋಡಿ! ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರಾಗಿದ್ದು ರಿಟೈರಾದವರು. ಅವರು ಬಾಗಿಲಲ್ಲಿ ಕೆಮ್ಮಿದರೆ ಸಾಕು, ಕೆಟ್ಟ ಟಿವಿಗಳು ನಾಚಿ ತಾವಾಗಿಯೇ ಸಾಲು ಬಿಟ್ಟು ಈಚೆ ಬರುತ್ತಿದ್ದವಂತೆ! ನಾನು ನೋಡಿಲ್ಲ, ಅವರೇ ಹೇಳಿದ್ದು.

ಉಷಾ ಅವರ ಫೋನು ಬೇರೆ ಕಂಪನಿಯದು. ತನ್ನ ಹುಳುಕನ್ನು ಅದು ತಿಂಗಳಿಗೊಮ್ಮೆ ತಾನೇ ಬಿಚ್ಚಿಡುತ್ತಿತ್ತು. ಇಂಥ ಕಡೆ ಕಳ್ಳರು ನುಗ್ಗುವ ಕಿಂಡಿ ಇತ್ತು, ಮುಚ್ಚಿದ್ದೇವೆ, ಅಪ್‌ಡೇಟ್ ಮಾಡಿಕೊಳ್ಳಿ, ಹೀಗೆ.

“ಮಾನ ಮರ್ಯಾದಿ ಐತೇನು ಆ ಕಂಪನಿಗೆ? ನನ್ನ ಫೋನು ನೋಡು, ವರ್ಷ ಆಗಾಕ ಬಂತು, ಒಂದು ತಪ್ಪು ಒಪ್ಪಿಕೊಂಡಿಲ್ಲ. ಅಪ್ಪಟ ಬಂಗಾರ!”

“ತಪ್ಪು ಒಪ್ಪಿಕೊಳ್ಳದವ್ರೆಲ್ಲ ಬಂಗಾರ ಅಂದ್ರ, ನಮ್ಮ ಮನ್ಯಾಗ ಒಂದು ಗಣೀನ ಐತಿ ಬಿಡ್ರಿ,” ಎಂದರು ಉಷಾ.

ಆ ಗಣಿಯ ಆಳದಲ್ಲಿ ಒಂದು ಗುಟ್ಟಿತ್ತು. ಉಷಾ ಮನೆಯಲ್ಲೇ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಒಂದು ಆ್ಯಪ್‌ನಲ್ಲಿ ಮಾರುತ್ತಿದ್ದರು. ಸಿಕಂದರಾಬಾದಿನ ತನಕ ಗಿರಾಕಿಗಳು! ಎಲ್ಲರೂ ಐದೈದು ಸ್ಟಾರ್ ಕೊಟ್ಟು ಹೊಗಳುತ್ತಿರುವಾಗ, ‘ಸತ್ಯವಾದಿ’ ಎಂಬ ಹೆಸರಿನಲ್ಲಿ ಯಾವನೋ ಬರೆದುಬಿಟ್ಟ: ‘ಹೋಳಿಗೆಯಲ್ಲಿ ಬೆಲ್ಲ ಕಡಿಮೆ. ಮಾಲು ರಿಜೆಕ್ಟ್!’ ಎರಡೇ ಸ್ಟಾರ್!

ಉಷಾ ಅವತ್ತು ಊಟ ಬಿಟ್ಟರು. “ಆ ಸತ್ಯವಾದಿ ನನ್ನ ಕೈಗೆ ಸಿಗ್ಲಿ, ನಾಲಿಗಿ ಮ್ಯಾಲ ಕಾದ ಹಂಚು ಇಡ್ತೀನಿ!”

ಎದುರಿಗೆ ಉಣ್ಣುತ್ತಿದ್ದ ಸತ್ಯವಾದಿ ತಟ್ಟನೆ ನಾಲಿಗೆ ಒಳಗೆಳೆದುಕೊಂಡ! ಹೌದು, ವೀರಭದ್ರಪ್ಪನವರೇ! ಇನ್‌ಸ್ಪೆಕ್ಟರನ ಕೈ ತುರಿಸಿತ್ತು. ಹೆಂಡತಿಯ ಎದುರು ಹೇಳಲು ಎದೆ ಸಾಲದೆ ಫೋನಿನ ಕಿವಿಯಲ್ಲಿ ಹೇಳಿ ಹಗುರಾಗಿದ್ದರು. ಮುಖದ ಬೀಗ ಇತ್ತಲ್ಲ, ಭಯವೇನು?

ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದರು. ಟೇಬಲ್ ಒರೆಸಲೆಂದು ಉಷಾ ಗಂಡನ ಫೋನನ್ನು ಕೈಗೆತ್ತಿಕೊಂಡರು. ಗೋಡೆಯ ಮೇಲೆ ಗಂಡನ ರಿಟೈರ್‌ಮೆಂಟಿನ ಫೋಟೋ, ಹಾರ ಹಾಕಿಸಿಕೊಂಡು ಹಲ್ಲು ಕಿರಿದು ನಿಂತದ್ದು. ಅದನ್ನು ಕಂಡದ್ದೇ ತಡ, ಫೋನು ಟಕ್ಕೆಂದು ತೆರೆದುಕೊಂಡಿತು!

“ರೀ! ನಿಮ್ಮ ಫೋನು ಫೋಟೋಕ್ಕ ಶರಣು ಮಾಡಿತ್ರೀ!”

ವೀರಭದ್ರಪ್ಪನವರು ಟವೆಲ್ ಸುತ್ತಿಕೊಂಡು, ಮುಖದ ತುಂಬ ಸೋಪಿನ ನೊರೆಯೊಂದಿಗೆ ಓಡಿ ಬಂದರು. ಉಷಾ ಫೋನನ್ನು ಲಾಕ್ ಮಾಡಿ ಅವರ ಮುಖಕ್ಕೆ ಹಿಡಿದರು. ತೆರೆಯಲಿಲ್ಲ! ಗೋಡೆಗೆ ಹಿಡಿದರು. ಟಕ್! ಮತ್ತೆ ಮುಖಕ್ಕೆ. ಊಹೂಂ! ಮತ್ತೆ ಗೋಡೆಗೆ. ಟಕ್! ಜೀವಂತ ಇದ್ದವನು ಯಾರೋ ದಾರಿಹೋಕ, ಚೌಕಟ್ಟಿನೊಳಗಿದ್ದವನೇ ಯಜಮಾನ!

“ಅಯ್ಯಯ್ಯೋ! ಕೊಡಿಲ್ಲೆ ಫೋನು!”

“ತಡೀರಿ, ಮೊದಲು ಕಂಪನಿಗೆ ಹಚ್ಚೂಣು,” ಎಂದು ಉಷಾ ಅದೇ ಫೋನಿನಿಂದ ಕಸ್ಟಮರ್ ಕೇರಿಗೆ ಹಚ್ಚಿ, ಸ್ಪೀಕರ್ ಹಾಕಿ, ಕೈಯಲ್ಲೇ ಹಿಡಿದುಕೊಂಡರು. ಕನ್ನಡ ಬೇಕೆಂದು ಒತ್ತಿದ ಮೇಲೆ ನಳಿನಿ ಎಂಬ ಹುಡುಗಿ ಮಾತಿಗೆ ಸಿಕ್ಕಳು. ವೀರಭದ್ರಪ್ಪನವರು ಫೋಟೋದ ಕತೆಯನ್ನೆಲ್ಲ ಅರಚಿ ಹೇಳಿದರು.

“ಸರ್, ಇದು ನಮಗೆ ಮೊದಲಿನಿಂದಲೂ ಗೊತ್ತು. ನಿಮಗೂ ಹೇಳಿದ್ದೇವೆ. ಮುಖದ ಲಾಕ್ ಹಾಕುವಾಗ ಕೆಳಗೆ ಸಣ್ಣಕ್ಷರದಲ್ಲಿ ಇತ್ತಲ್ಲ ಸರ್, ‘ನಿಮ್ಮನ್ನು ಹೋಲುವ ವಸ್ತುವಿಗೂ ತೆರೆಯಬಹುದು’ ಅಂತ? ನೀವು ‘ಒಪ್ಪಿದೆ’ ಒತ್ತಿದ್ದೀರಿ.”

“ಸಣ್ಣಕ್ಷರದಾಗ ಯಾಕ? ಜಾಹೀರಾತಿನ್ಯಾಗ ದೊಡ್ಡದಾಗಿ ಯಾಕ ಬರೀಲಿಲ್ಲ?”

“ಬರೆದಿದ್ದರೆ ನೀವು ಕೊಳ್ಳುತ್ತಿದ್ದಿರಾ ಸರ್?”

ವೀರಭದ್ರಪ್ಪನವರು ಉರಿದೆದ್ದರು! ಒಂದು ಕೈ ಟವೆಲಿನ ಮೇಲೆ, ಇನ್ನೊಂದು ಕೈ ಆಕಾಶಕ್ಕೆ! “ನಾಚಿಕಿ ಆಗ್ಬೇಕು ನಿಮಗ! ಗೊತ್ತಿದ್ದೂ ಮುಚ್ಚಿಡೂದು ಮೋಸ! ಹೇಳೂದಿದ್ರ ಎದುರಿಗೆ ನಿಂತು ಹೇಳ್ಬೇಕು! ಹಿಂಗ ಮುಖಾ ಮರಿಸಿಕೊಂಡು, ಸಂದ್ಯಾಗ ಕೂತು…”

ಟಿಂಗ್! ಉಷಾ ಅವರ ಕೈಯಲ್ಲಿದ್ದ ಫೋನಿನ ಮೇಲೆ ಒಂದು ಸಾಲು ಮೂಡಿತು. ಅವರು ಗಟ್ಟಿಯಾಗಿ ಓದಿದರು: “‘ಸತ್ಯವಾದಿಯವರೇ, ಶೇಂಗಾ ಹೋಳಿಗೆಯ ಕುರಿತ ನಿಮ್ಮ ಅಭಿಪ್ರಾಯವನ್ನು ಹಲವರು ಮೆಚ್ಚಿದ್ದಾರೆ!’”

ಆಕಾಶಕ್ಕೆ ಏರಿದ್ದ ಕೈಯೂ ಇಳಿದು ಟವೆಲು ಹಿಡಿಯಿತು.

“ಸರ್, ಲೈನಿನಲ್ಲಿದ್ದೀರಾ?” ಎಂದಳು ನಳಿನಿ. ಸರ್ ಲೈನಿನಲ್ಲಿರಲಿ, ಭೂಮಿಯ ಮೇಲೆಯೇ ಇರಲಿಲ್ಲ!

ಉಷಾ ಕೂಗಾಡಲಿಲ್ಲ. ಅದೇ ಇನ್ನೂ ಹೆಚ್ಚಿನ ಭಯ! ಕನ್ನಡಕ ಏರಿಸಿ, ತಮ್ಮ ಫೋನು ತೆಗೆದು, ಆ್ಯಪ್‌ನಲ್ಲಿ ತಮ್ಮ ಹೋಳಿಗೆಯ ಪುಟದ ನೆತ್ತಿಯ ಮೇಲೆ ಬರೆಯುತ್ತ ಬರೆಯುತ್ತ ಓದಿದರು:

“ಗಿರಾಕಿಗಳಿಗೆ ತಿಳಿಸೂದು ಏನಂದ್ರ, ಬೆಲ್ಲ ಕಡಿಮಿ ಅಂತ ಬಂದ ದೂರು ಖರೇ ಐತಿ. ನಮ್ಮಲ್ಲಿ ಬೆಲ್ಲ ಕುಟ್ಟಿ ಕೊಡೂ ಕೆಲಸ ನಮ್ಮ ಮನಿಯವ್ರದು. ಕುಟ್ಟೂವಾಗ ಅರ್ಧ ಅವರ ಬಾಯಿಗೇ ಹೋಗತಿತ್ತು. ನೋಡಿಯೂ ನಾ ಸುಮ್ನಿದ್ದೆ, ಅದು ನನ್ನ ತಪ್ಪು. ಇವತ್ತಿನಿಂದ ಬೆಲ್ಲದ ಡಬ್ಬಿಗೆ ಕಬ್ಬಿಣದ ಬೀಗ. ಅದು ಯಾರ ಮುಖಾನೂ ನೋಡೂದಿಲ್ಲ.”

ವೀರಭದ್ರಪ್ಪನವರ ಮುಖದ ಮೇಲೆ ನೊರೆ ಒಣಗಿತ್ತು. ಟವೆಲನ್ನು ಇನ್ನಷ್ಟು ಬಿಗಿಹಿಡಿದು, ಬೆಕ್ಕಿನ ದನಿಯಲ್ಲಿ ಕೇಳಿದರು:

“ಉಷಾ… ನಾ ಬೆಲ್ಲ ತಿಂದದ್ದನ್ನಷ್ಟ… ಸಣ್ಣಕ್ಷರದಾಗ ಹಾಕಬಾರದೇನ?”