ಕಂಪ್ಯೂಟರಿನೊಳಗಿಂದ ಬಂದ ಅವ್ವ

ದೆವ್ವ ಭೂತ ಇಲ್ಲ ಅಂತ ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿಕೊಂಡು ಬಂದ ವಿಜ್ಞಾನದ ಮೇಷ್ಟ್ರು ನಾನು. ಆದ್ದರಿಂದ ಮುಂದೆ ಹೇಳುವುದನ್ನು ನಮ್ಮ ಶಾಲೆಯವರು ಓದದಿದ್ದರೆ ನನಗೇ ಒಳ್ಳೆಯದು.

ನಾನು ಚಡ್ಡಿ ಹಾಕುವ ವಯಸ್ಸಿನಲ್ಲೇ ಅವ್ವ ತೀರಿಕೊಂಡಳು. ಮುಖ ನೆನಪಿಲ್ಲ, ಫೋಟೋನೂ ಇಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅಪ್ಪನ ಫೋಟೋ ಇರುತ್ತೆ, ಪಕ್ಕದಲ್ಲಿ ಅವ್ವನ ಹೆಸರಿಗೆ ಬರೀ ಒಂದು ಸೀರೆ. ಈ ಸಲ ಅವ್ವನ ಮುಖ ನೋಡಿಯೇ ಕೈ ಮುಗಿಯಬೇಕು ಅಂತ ಹಟ ಹಿಡಿದೆ. ನೆಂಟರಿಷ್ಟರ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಮನೆ ಕಂಪ್ಯೂಟರಿಗೆ ತುಂಬಿ, ವಂಶದ ಕಡತ ಶುದ್ಧೀಕರಣ ಕಾರ್ಯವನ್ನು ವಿಧ್ಯುಕ್ತವಾಗಿ ಆರಂಭಿಸಿದೆ.

ಆಧಾರ ಅಂತ ಇದ್ದದ್ದು ಒಂದೇ. ನಲ್ಲೂರಿನಲ್ಲಿ ನಡೆದ ಚಿಕ್ಕಪ್ಪನ ಮದುವೆಯ ಊಟದ ಫೋಟೋ ತೋರಿಸಿ, "ನಿಮ್ಮವ್ವ ಇದ್ರಾಗೆ ಅದಾಳೆ ನೋಡು" ಅಂತ ಅಪ್ಪ ಒಮ್ಮೆ ಹೇಳಿದ್ದರು. ಎಲ್ಲಿ ಅಂತ ನಾನು ಕೇಳಿರಲಿಲ್ಲ. ಈಗ ಕೇಳೋಣ ಅಂದರೆ ಅಪ್ಪನೂ ಗೋಡೆ ಮೇಲಿದ್ದಾರೆ. ಫೋಟೋದ ಹೆಂಗಸರನ್ನೆಲ್ಲ ಗುರುತು ಹಿಡಿದ ಮೇಲೆ ಚಪ್ಪರದ ಕಂಬದ ಹಿಂದಿನ ಅರ್ಧ ಮುಖ ಒಂದು ಉಳಿಯಿತು. ಅಂದಮೇಲೆ ಇವಳೇ ಅವ್ವ. ಆ ಅರ್ಧ ಮುಖವನ್ನು ಕತ್ತರಿಸಿ ಇಟ್ಟುಕೊಂಡೆ. ಉಳಿದದ್ದರಲ್ಲಿ ಬರೀ ಗೊತ್ತಿದ್ದ ಮುಖಗಳು, ಉಣ್ಣುವವರ ಬೆನ್ನು, ಬಾಳೆಎಲೆ, ಬಕೆಟ್ಟು, ಯಾರದೋ ಬಡಿಸುವ ಕೈ. ಜಾಗ ದಂಡ ಅಂತ ಪೂರ್ತಿ ಫೋಟೋವನ್ನು ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿದೆ.

ಆಮೇಲೆ ಈ ಮುಖ ಬೇರೆಲ್ಲಾದರೂ ಇದೆಯಾ ಹುಡುಕು ಅಂತ ಕಂಪ್ಯೂಟರಿಗೆ ಒಪ್ಪಿಸಿದೆ. ದೀಪ ಹಚ್ಚುವ ಹೊತ್ತಿಗೆ ಪರದೆ ಮೇಲೆ ಒಂದು ಪೂರ್ತಿ ಮುಖ ಮೂಡಿತು. ತಲೆ ತಗ್ಗಿಸಿ, ಕಣ್ಣು ಮಾತ್ರ ನನ್ನ ಕಡೆ. ಮಸುಕಾಗಿದ್ದದ್ದನ್ನು ಕಂಪ್ಯೂಟರೇ ತಿದ್ದಿ ತೀಡಿ ಸ್ಪಷ್ಟ ಮಾಡಿತು.

ಹೆಂಡತಿ ಸುಜಾತ ಬಂದು ಇಣುಕಿದಳು. "ರೀ, ಇವರು ಗೋವಿನಕೋವಿ ಚಿಕ್ಕಮ್ಮನ ಥರ ಅದಾರಲ್ರಿ. ಒಂದ್ಸಲ ಅವರನ್ನೇ ಕೇಳ್ರಿ."

ಚಿಕ್ಕಮ್ಮ ಅಂದರೆ ಅವ್ವನ ಒಡಹುಟ್ಟಿದ ತಂಗಿ. "ಅಕ್ಕ ತಂಗಿ ಒಂದೇ ಥರ ಇರ್ದೆ ಇನ್ನೆಂಗೆ ಇರ್ತಾರೆ? ವಂಶವಾಹಿ ಅಂತಾರೆ ಇದಕ್ಕೆ. ಚಿಕ್ಕಮ್ಮನ್ನ ಕನ್ನಡಕ ಇಲ್ದೆ ಯಾವತ್ತಾದ್ರೂ ನೋಡೀವಾ? ಹೆಂಗೂ ಹಬ್ಬಕ್ಕೆ ಬರ್ತಾರೆ, ಆಗ ತೋರಿಸಿ ದಂಗು ಬಡಿಸಾಣ" ಅಂದೆ.

ಫೋಟೋಗೆ ಚಲನೆ ಕೊಡುವ ಗುಂಡಿಯೊಂದಿತ್ತು. ಒತ್ತಿದೆ. ಅವ್ವ ನಿಧಾನಕ್ಕೆ ಕತ್ತು ಎತ್ತಿದಳು. ರೆಪ್ಪೆ ಬಡಿದಳು. ನನ್ನನ್ನೇ ನೋಡಿ ನಕ್ಕಳು. ನನಗೆ ಅಳು ಬಂತು. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ, ಈ ಮುಖ ಯಾವ ಫೋಟೋದ್ದು ಅಂತ ತೆರೆದು ನೋಡಿದೆ. ಅವ್ವನ ತೊಡೆ ಮೇಲೆ ಒಂದು ಕೂಸು, ಕೂಸಿನ ಮುಷ್ಟಿಯಲ್ಲಿ ಎಂಥದೋ ಕರೀ ವಸ್ತು. ಆ ಕೂಸು ನಮ್ಮ ಮಗಳು ಸಿಂಚನಾ. ಅದು ಅವಳ ನಾಮಕರಣದ ಫೋಟೋ. ಸಿಂಚನಾ ಹುಟ್ಟುವ ಹೊತ್ತಿಗೆ ಅವ್ವ ಸತ್ತು ಎಷ್ಟೋ ವರ್ಷ ಆಗಿತ್ತು.

ಬುದ್ಧಿ ಇದ್ದವನು ಇಲ್ಲಿ ಒಂದು ಗಳಿಗೆ ಯೋಚನೆ ಮಾಡುತ್ತಿದ್ದ. ನಾನು ಬೆವತೆ.

"ಚಿಕ್ಕಮ್ಮ ಅಲ್ಲ ಅಂತ ನೀವೇ ಅಂದ್ರಿ" ಸುಜಾತ ಪಿಸುಗುಟ್ಟಿದಳು. "ಹಂಗಾದ್ರೆ ಅತ್ತೆನೇ ಮೊಮ್ಮಗಳನ್ನ ನೋಡಾಕೆ ಬಂದಿದ್ರು ಕಣ್ರಿ."

ಅವತ್ತಿನಿಂದ ಆ ಕೋಣೆಗೆ ನಾನು ಒಬ್ಬನೇ ಹೋಗಲಿಲ್ಲ. ವೈಜ್ಞಾನಿಕ ಕಾರಣಗಳಿಗಾಗಿ ಸುಜಾತಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಮುಖವನ್ನಷ್ಟೇ ಕಪ್ಪುಬಿಳುಪು ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ತಂದೆ.

ಅಮಾವಾಸ್ಯೆ ದಿನ ಬೆಳಗ್ಗೆಯಿಂದ ಚಿಕ್ಕಮ್ಮ ಫೋನ್ ಎತ್ತಲಿಲ್ಲ. ಮಧ್ಯಾಹ್ನದವರೆಗೂ ಕಾದು ಎಡೆ ಇಟ್ಟೆವು. ಅಪ್ಪನ ಪಕ್ಕದಲ್ಲಿ ಅವ್ವ, ಸೇವಂತಿಗೆ ಹಾರ, ಹೋಳಿಗೆ, ಕಡುಬು, ಒಲೆಯಿಂದ ಈಗಷ್ಟೇ ಇಳಿಸಿದ ಪಾಯಸ, ಕೋಣೆ ತುಂಬ ಲೋಬಾನದ ಹೊಗೆ. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುವುದು, ಆಮೇಲೆ ಕೆಮ್ಮಿ ಒಳಗೆ ಹೋಗುವುದು ನಮ್ಮ ಪದ್ಧತಿ. ಪಾಯಸದ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಬಾಗಿಲ ಹೊರಗೆ ಕೂತೆವು.

ಒಳಗೆ ಬಳೆ ಸದ್ದಾಯಿತು. ಆಮೇಲೆ ಲೋಟ ಸರಿದ ಸದ್ದು. ಸುಜಾತ ನನ್ನ ರಟ್ಟೆ ಹಿಡಿದುಕೊಂಡಳು.

"ಬೆಕ್ಕು ಇರಬೇಕು" ಅಂದೆ.

"ಬೆಕ್ಕು ಬಳೆ ತೊಟ್ಕಂತೈತೇನ್ರಿ?"

ಧೈರ್ಯ ಮಾಡಿ ಕೆಮ್ಮಿದೆ. ಒಳಗಿನಿಂದ ಯಾರೋ ತಿರುಗಿ ಕೆಮ್ಮಿದರು.

ಬಾಗಿಲು ತಳ್ಳಿದೆ. ಹೊಗೆಯೊಳಗೆ, ಎಡೆ ಮುಂದೆ, ಫೋಟೋದ ಮುಖವೇ ಮುದುಕಿಯಾಗಿ ಕೂತಿತ್ತು. ತಲೆ ತಗ್ಗಿಸಿ, ಕಣ್ಣು ಮಾತ್ರ ನನ್ನ ಕಡೆ. "ಅವ್ವಾ..." ಅಂತ ಹಿಂದಕ್ಕೆ ಸರಿದವನು ಹೊಸ್ತಿಲು ಎಡವಿ ಪಾಯಸದ ಪಾತ್ರೆಯಲ್ಲಿ ಕೂತೆ. ಪಾಯಸ ಇನ್ನೂ ಆರಿರಲಿಲ್ಲ.

ಒಳಗಿದ್ದ ಮುಖ ಹೊಗೆಗೆ ಮಂಜಾದ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ಹಾಕಿಕೊಂಡು, ಚಿಕ್ಕಮ್ಮ ಆಯಿತು.

"ಮೊಬೈಲು ಮನೇಲೇ ಬಿಟ್ಟು ಬಂದೆ. ಕಾಲು ತೊಳ್ಕಂಡು ಹಿತ್ತಲ ಬಾಗಲಿಂದ ಸೀದಾ ಈ ಕೋಣೆಗೆ ಬಂದ್ರೆ, ನನಗೇ ಹಾರ ಹಾಕೀರಿ. ಲೇ ಮಂಜ, ನಾನು ಯಾವಾಗ ಸತ್ತೆನೋ? ಒಂದು ಮಾತು ಹೇಳಿ ಕಳಿಸಬಾರದಾ?"

ನಾನು ತೊದಲುತ್ತ ನಾಮಕರಣದ ಫೋಟೋ ವಿಷಯ ಹೇಳಿದೆ.

"ಅವತ್ತು ನಿನ್ನ ಮಗಳು ನನ್ನ ಕನ್ನಡಕ ಕಿತ್ಕಂಡಿದ್ಲು. ಅವಳ ಕೈಯಾಗೆ ಇರೋದು ಅದೇ."

"ಚಪ್ಪರದ ಕಂಬದ ಹಿಂದೆ ಇರೋರು?"

"ಅದೂ ನಾನೇ."

ಅಂದರೆ ಕಂಪ್ಯೂಟರು ಸರಿಯಾಗೇ ಹುಡುಕಿತ್ತು. ತಪ್ಪಿದ್ದು ಮೇಷ್ಟ್ರು.

"ಹಂಗಾದ್ರೆ ಅವ್ವ ಎಲ್ಲಿ ಚಿಕ್ಕಮ್ಮ?"

"ಬಡಿಸ್ತಾ ಇದ್ಲಲ್ಲೋ. ಕೈ ಒಂದು ಬಿದ್ದೈತೆ ನೋಡು, ಒಲೆ ಕೊಳ್ಳಿ ತಾಗಿದ ಕಲೆ ಇರೋದು. ಅಕ್ಕನ ಫೋಟೋ ಅಂದ್ರೆ ಅದೊಂದೇ."

ಹಿಂಬದಿ ಉರಿಯನ್ನೂ ಮರೆತು ಕಂಪ್ಯೂಟರಿನ ಹತ್ತಿರ ಓಡಿದೆ. ಊರೆಲ್ಲ ಹುಡುಕಿದ ಅವ್ವನನ್ನು ಕಸದ ಬುಟ್ಟಿಗೆ ಹಾಕಿದ ಮಗ ನಾನು. ಬುಟ್ಟಿ ತೆರೆದೆ. ಪುಣ್ಯಕ್ಕೆ ಫೋಟೋ ಇತ್ತು. ಬಳೆ ತೊಟ್ಟ ಕೈ, ಕಲೆ, ಸೌಟಿನ ತುಂಬ ಪಾಯಸ. ಆ ಕೈ ಕೆಳಗಿನ ಎಲೆ ಮುಂದೆ, ಬೆನ್ನು ತೋರಿಸಿಕೊಂಡು ಕೂತ ಬೋಳುತಲೆಯ ಒಂದು ಕೂಸು.

"ಆ ಬೋಳುತಲೆ ಯಾರು ಗೊತ್ತಾಯ್ತಾ?" ಚಿಕ್ಕಮ್ಮ ನನ್ನ ಭುಜದ ಮೇಲೆ ಕೈ ಇಟ್ಟರು. "ನೀನೇ ಕಣೋ."

ಆ ಕೈಯನ್ನು ಪ್ರಿಂಟ್ ಹಾಕಿ ಅಪ್ಪನ ಪಕ್ಕ ಇಟ್ಟೆವು. ತನ್ನ ಹಾರವನ್ನು ಚಿಕ್ಕಮ್ಮನೇ ತೆಗೆದು ಅದಕ್ಕೆ ಹಾಕಿ, "ನನ್ನ ಫೋಟೋ ಚೆನ್ನಾಗೈತೆ, ಎತ್ತಿಟ್ಟಿರು, ಬೇಕಾಗ್ತೈತೆ" ಅಂದರು. ಆಮೇಲೆ ಎಲ್ಲರೂ ಕೂತು ಉಂಡರು. ಅವ್ವನ ಕೈಗೆ ಕೈ ಮುಗಿದು, ನಾನು ಮಾತ್ರ ನಿಂತುಕೊಂಡೇ ಉಂಡೆ.