ಗೋಡಿ ಆಚೆಯ ಗುಳುಗುಳು

ಸ್ವಲ್ಪ ಹತ್ರ ಬರ್ರಿ. ಇನ್ನಷ್ಟು. ಬಾಗಲಾ ಮುಂದ ಮಾಡ್ರಿ, ಅಡಿಗಿ ಮನಿ ಕಿಡಕೀನೂ ಹಾಕ್ರಿ. ಈಗ ಹೇಳೂದು ನಿಮ್ಮ ಹೊಟ್ಟಿಯೊಳಗ ಇರಬೇಕು, ದೇವರಾಣಿ. ನಾ ಏನು ಒಬ್ಬರ ಮನಿ ಮಾತು ಇನ್ನೊಬ್ಬರ ಮನಿಗೆ ಒಯ್ಯಾಕಿ ಅಲ್ಲ; ಮಾತ ನನ್ನ ಬೆನ್ನು ಹತ್ತಿ ಬರ್ತಾವ. ಅದರಾಗ ಔಷಧದ ವಿಷಯ ತಗೀರಿ, ಒಂದು ಫಜೀತಿ ಮುಗಿಯೂದ್ರಾಗ ಇನ್ನೊಂದು ಹುಟ್ಟಿರ್ತದ.

ನಾನು ಬಾಗಲಕೋಟಿ ಕಡೆಯಾಕಿ, ಕಲಿತದ್ದು ಮೂರನೇ ಇಯತ್ತೆ. ಮಗಗ ಸೆಂಟ್ರಲ್ ಗೌರ್ಮೆಂಟ್ ನೌಕರಿ ಅಂತ ನಾಗಪುರಕ್ಕ ಬಂದು ಕ್ವಾರ್ಟರ್ಸಿನ್ಯಾಗ ಇದ್ವಿ. ಮೊಬೈಲು ಇನ್ನೂ ಎಲ್ಲಾರ ಕೈಗೆ ಬಂದಿರಲಿಲ್ಲ, ಸುದ್ದಿ ಮುಟ್ಟಸಲಿಕ್ಕೆ ನನ್ನಂಥಾಕಿ ಬೇಕಾಗ್ತಿತ್ತು. ಬಾಜೂ ಮನಿಯಾಕಿ ಮರಾಠಿ ಹೆಂಗಸು, ನನ್ನ ವಾರಿಗಿ. ನಾ ಆಕಿಗೆ ವೈನಿ, ಅಂದ್ರ ಅತ್ತಿಗಿ, ಅಂತಿದ್ದೆ, ಆಕಿ ನನಗ ಅಕ್ಕಾ ಅಂತಿದ್ಲು. ಎರಡೂ ಮನಿ ಬಚ್ಚಲಕ್ಕ ನಡುವ ಒಂದ ಗೋಡಿ. ಎಷ್ಟು ತೆಳ್ಳಗ ಅಂದ್ರ, ಆಕಿ ಆ ಕಡೆ ಸೀನಿದ್ರ ಈ ಕಡೆ ನಾ ‘ಶತಾಯುಷಿ’ ಅಂತಿದ್ದೆ.

ನನಗ ದಮ್ಮು. ಬ್ಯಾಸಗಿಯೊಳಗ ಕೂಲರಿನ ಹುಲ್ಲಿಗೆ ಬೂಸಲಾ ಹತ್ತಿದ್ರ, ದೀಪಾವಳಿ ಮುಂದ ಸುಣ್ಣ ಕೆರದು ಧೂಳ ಎದ್ರ, ಎದಿಯೊಳಗ ಬೆಕ್ಕಿನ ಮರಿ ಕೂಗಲಿಕ್ಕೆ ಶುರು. ಒಂದು ದೀಪಾವಳಿಗಂತೂ ಮಂದಿ ಮನಿಯೊಳಗ ಆರತಿ ಮಾಡ್ಲಿಕ್ಕೆ ಹತ್ತಿದಾಗ ನಾ ದವಾಖಾನ್ಯಾಗ ಮೂಗಿಗೆ ನಳಗಿ ಹಚ್ಚಿಕೊಂಡು ಮಲಗಿದ್ದೆ. ಇನ್ನೊಂದು ಹಬ್ಬ ಕಾಣ್ತೀನೋ ಇಲ್ಲೋ ಅಂತ ಖರೇನ ಅಂಜಿದ್ದೆ. ಮಗ ಕೈ ಹಿಡದು ಎದಿ ಡಾಕ್ಟರ್ ಬಾಯಿ ಹತ್ರ ಕರ್ಕೊಂಡು ಹೋದ; ಅಲ್ಲೆ ಹೆಣ್ಣುಮಕ್ಕಳಿಗೆ ‘ಬಾಯಿ’ ಅಂತಾರ. ಅವನ ಹೊಟ್ಟಿ ತಣ್ಣಗಿರಲಿ.

೧. ಲವಂಗದ ಡಬ್ಬಿ

ಡಾಕ್ಟರ್ ಬಾಯಿ ಸಣ್ಣ ವಯಸ್ಸಿನಾಕಿ, ಬಾಳ ತಾಳ್ಮಿ. “ದಮ್ಮು ಎದ್ದಾಗ ಈ ನೀಲಿ ಪಂಪು. ಅದು ಏಳಬಾರದು ಅಂತ ದಿನಾ ಎರಡು ಹೊತ್ತು ಈ ಕ್ಯಾಪ್ಸೂಲು, ಈ ಮಶೀನು. ಹ್ಯಾಂಗ ತಗೋಬೇಕು ಅಂತ ಹೊರಗ ಕಂಪೌಂಡರ್ ತೋರಸ್ತಾನ,” ಅಂದ್ಲು.

ಅವ ತೋರಿಸಿದ, ಪಾಪ. ಆದ್ರ ಬಾಜೂ ಬೆಂಚಿನ ಮ್ಯಾಲೆ ಇಬ್ಬರು ಹೆಂಗಸರು ಯಾರದೋ ಮುರದ ಲಗ್ನದ ಕಥಿ ಹೇಳ್ಲಿಕ್ಕೆ ಹತ್ತಿದ್ರು. ನನಗ ಇರೂವು ಎರಡ ಕಿವಿ, ಎರಡೂ ಆ ಕಡೇನ ಇದ್ವು.

ಮುಂದಿನ ತಿಂಗಳು ಹೋದಾಗ ಡಾಕ್ಟರ್ ಬಾಯಿ ಎದಿ ಕೇಳಿ ಹುಬ್ಬು ಗಂಟು ಹಾಕಿದ್ಲು. “ಒಂಚೂರೂ ಕಡಿಮಿ ಆಗಿಲ್ಲಲ್ಲಾ! ಔಷಧ ತಗೊಂಡೀರೇನು?”

“ತಪ್ಪಿಸಿಲ್ಲ ನೋಡ್ರಿ. ಎರಡೂ ಹೊತ್ತು ಊಟ ಆಗೂದ, ಮಜ್ಜಿಗಿ ಜೋಡಿ ಗುಳುಂ ಅನಸ್ತೀನಿ.”

“ನುಂಗ್ತೀರಿ? ಅದನ್ನ ಮಶೀನಿನ್ಯಾಗ ಹಾಕಿ ತಿರುವಿ, ಒಳಗಿನ ಪುಡಿ ಬಾಯಿಲೆ ಎಳೀಬೇಕ್ರಿ! ಮಶೀನು ಎಲ್ಲೆ?”

ನಾ ಸೊಂಟದಿಂದ ತಗದೆ. ಎಲಿ ಅಡಿಕಿ ಸಂಚಿಯೊಳಗ ಅದಕ್ಕೊಂದು ಛಲೋ ಜಾಗಾ ಮಾಡಿದ್ದೆ. ಮುಚ್ಚಳಾ ತಗದು ಮುಂದ ಹಿಡದೆ: “ಒಂದು ಲವಂಗ ತಗೋರಿ ಡಾಕ್ಟರ, ಗಂಟಲಿಗೆ ಛಲೋ.”

ಆಕಿ ತಲಿ ಹಿಡ್ಕೊಂಡ್ಲು. “ಅಜ್ಜೀ, ದಮ್ಮು ಇರೂದು ಎದಿಯೊಳಗ. ನೀವು ಒಂದು ತಿಂಗಳು ಪೂರಾ ಹೊಟ್ಟಿಗೆ ಔಷಧ ಮಾಡೀರಿ.”

“ಹೋಗ್ಲಿ ಬಿಡ್ರಿ,” ಅಂದೆ, “ಹೊಟ್ಟಿಗಂತೂ ಇನ್ನ ದಮ್ಮು ಬರೂದಿಲ್ಲ.”

೨. ಬಾಯಿ ಮುಚ್ಚೂ ವಿದ್ಯಾ

ಅವತ್ತು ಹೊಸಾ ಮಶೀನು ಕೊಟ್ಟು, ಆಕಿ ತಾನ ಎದುರಿಗೆ ಕೂತು ಕಲಿಸಿದ್ಲು. ಮದಲ ಉಸಿರು ಪೂರಾ ಹೊರಗ ಬಿಡಬೇಕು. ಮಶೀನು ತುಟಿಯೊಳಗ ಹಿಡದು ಜೋರಲೆ ಎಳೀಬೇಕು. ಆಮ್ಯಾಲೆ ಬಾಯಿ ಮುಚ್ಚಿ, ಹತ್ತು ಎಣಿಸೂ ತನಕ ಉಸಿರು ತಡೀಬೇಕು. ಕಡೀಕೆ ಬಾಯಿ ಮುಕ್ಕಳಿಸಿ ನೀರು ಉಗಳಬೇಕು, ಇಲ್ಲಾಂದ್ರ ನಾಲಿಗಿ ಮ್ಯಾಲೆ ಬೆಳ್ಳಗ ಬೂಸಲಾ ಹತ್ತತದ.

ನಾ ಎಳದೆ. ಮೂರು ಎಣಿಸೂದ್ರಾಗ ಡಾಕ್ಟರ್ ಬಾಯಿ ಕೊಳ್ಳಾಗಿನ ಮಂಗಳಸೂತ್ರ ಕಣ್ಣಿಗೆ ಬಿತ್ತು. “ಇದು ಇಟವಾರಿ ಪ್ಯಾಟಿ ಅಕ್ಕಸಾಲಿಗನ ಕೆಲಸಾ ಏನ್ರಿ?” ಅಂದೆ. ಪುಡಿ ಎಲ್ಲಾ ಹೊರಗ.

ಎರಡನೇ ಸಲ ಎಳದೆ. ಐದಕ್ಕ ಮತ್ತೊಂದು ನೆನಪಾತು.

ಮೂಲ್ಯಾಗ ನಿಂತಿದ್ದ ಮಗ ಕೈ ಮುಗದ. “ಡಾಕ್ಟರ್, ಬ್ಯಾರೆ ಯಾವುದಾದ್ರೂ ಔಷಧ ನೋಡ್ರಿ. ಎಷ್ಟ ಕಹಿ ಇರಲಿ, ಇಂಜೆಕ್ಷನ್ ಇರಲಿ. ನಮ್ಮಮ್ಮ ಹತ್ತು ಎಣಿಸೂ ತನಕ ಬಾಯಿ ಮುಚ್ಚಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ.”

೩. ವಾಯುದೇವರ ಹಾದಿ

ಕಲತೆ. ಎದಿಯೊಳಗಿನ ಬೆಕ್ಕಿನ ಮರಿ ದಿನಾ ಒಂದೊಂದು ಮಾತು ಕಡಿಮಿ ಮಾಡ್ತು. ಬಂತು ಏಕಾದಶಿ. ನಮ್ಮ ಮನಿಯೊಳಗ ಅವತ್ತು ನೀರೂ ಇಲ್ಲ. ಔಷಧ ಹ್ಯಾಂಗ ತಗೊಳ್ಳೂದು? ಬಿಟ್ಟೆ. ಹ್ಯಾಂಗೂ ಆರಾಮ ಇದ್ದೆ, ದ್ವಾದಶಿಗೂ ಬಿಟ್ಟೆ, ಮುಂದ ವಾರಗಟ್ಲೆ ಬಿಟ್ಟೆ. ಮರಿ ತನ್ನ ತಾಯಿನ್ನೂ ಕರ್ಕೊಂಡು ಬಂತು.

ಡಾಕ್ಟರ್ ಬಾಯಿ ಸಿಟ್ಟಿಗೆ ಬಂದ್ಲು. “ಆರಾಮ ಇಲ್ಲ ಅಂತ ಅಲ್ಲ, ಆರಾಮ ಇರಲಿ ಅಂತ ತಗೊಳ್ಳೂ ಔಷಧ ಇದು. ನನ್ನ ಕೇಳದ ಬಿಡಬ್ಯಾಡ್ರಿ. ಬಿಡೂ ಹಂಗಿದ್ರ ನಾನ ಹೇಳ್ತೀನಿ.”

ಆದ್ರ ಏಕಾದಶಿ? ಮಠದ ಆಚಾರ್ರನ್ನ ಕೇಳಿದೆ. “ಆಚಾರ್ರ, ಪುಡಿ ಎಳದ್ರ ಉಪವಾಸ ಮುರೀತದೇನ್ರಿ?”

ಅವರು ಕಣ್ಣು ಮುಚ್ಚಿ ವಿಚಾರ ಮಾಡಿದ್ರು. “ಅದು ಹೋಗೂದು ಅನ್ನದ ಹಾದಿಯೊಳಗ ಅಲ್ಲ, ವಾಯುದೇವರ ಹಾದಿಯೊಳಗ. ಮುಕ್ಕಳಿಸಿದ ನೀರು ಉಗುಳೇ ಬಿಡ್ತೀರಿ. ಖುಶಾಲ ತಗೋರಿ, ದೋಷ ಇಲ್ಲ.”

ಕಾಲಿಗೆ ಬಿದ್ದೆ. ಅಂಥಾ ಪುಣ್ಯಾತ್ಮರು ಎಲ್ಲೆ ಸಿಗ್ತಾರ ಅಂತ ಕಣ್ಣಾಗ ನೀರು ಬಂತು. ಏಳೂದ್ರಾಗ ಅವರು ಅಂದ್ರು: “ಏಕಾದಶಿ ದಿನ ಗಾಳಿ ತಿಂದ್ರ ನಡೀತದ. ಮಂದಿ ತಲಿ ತಿನ್ನೂದು ಮಾತ್ರ ಬಿಡ್ರಿ.”

೪. ವೈನಿಯ ಕಾಢಾ

ಈಗ ಧನಿ ಇನ್ನೂ ಸಣ್ಣದು ಮಾಡ್ತೀನಿ.

ಮಶೀನಿನ ಮಾತು ನಾ ಕಾಲೋನಿಯೊಳಗ ಯಾರಿಗೂ ಹೇಳಿದ್ದಿಲ್ಲ. ಆಗಿನ ಮಂದಿ ಹೆಂಗ ಅಂದ್ರ, ಪಂಪು ಅಂದ್ರ ಸಾಕು, “ಅಯ್ಯ, ಅಲ್ಲೀ ತನಕಾ ಬಂತೇನು?” ಅಂತ ಚಿತಿಗೆ ಕಟಗಿ ಹುಡಕ್ತಿದ್ರು. ಮನಿಯೊಳಗ ವರಾ ಹುಡಕೂ ಮೊಮ್ಮಗಳು ಬ್ಯಾರೆ. ಅದಕ್ಕ ಮುಂಜಾನೆ ಬಚ್ಚಲಾ ಹೊಕ್ಕು, ಚಿಲಕಾ ಹಾಕಿ, ಪುಡಿ ಎಳದು, ಗುಳುಗುಳು ಮಾಡಿ ಬರ್ತಿದ್ದೆ.

ವೈನಿ ದಿನಾ ಒಂದು ಲೋಟಾ ಅಡುಳಸಾ ಕಾಢಾ ತರ್ತಿದ್ಲು. ಅಡುಳಸಾ ಅಂದ್ರ ನಮ್ಮ ಆಡುಸೋಗಿ, ಕಾಢಾ ಅಂದ್ರ ಕಷಾಯ. ತಂದು ಎದುರಿಗೆ ನಿಂತು ಕುಡಸ್ತಿದ್ಲು. ಅದರ ಕಹಿ ಏನು ಹೇಳ್ಲಿ! ಕುಡದ ಮ್ಯಾಲೆ ಶತ್ರುನ ಹೆಸರೂ ಸಿಹಿ ಅನಸ್ತಿತ್ತು. ಡಾಕ್ಟರ್ ಬಾಯಿಗೆ ಹೇಳಿದಾಗ, “ನಿಮಗ ಅದರಿಂದ ತ್ರಾಸ ಇಲ್ಲಾಂದ್ರ ಕುಡೀರಿ. ಆದ್ರ ಅದನ್ನ ನಂಬಿ ಇದನ್ನ ಬಿಡಬ್ಯಾಡ್ರಿ,” ಅಂದಿದ್ಲು. ವೈನಿಗೂ ಮದಲ ದಮ್ಮು ಇತ್ತು. ಕಾಢಾದಿಂದ ಹೋತು ಅಂತಿದ್ಲು. ದಿನಾ ಮುಂಜಾನೆ ಗೋಡಿ ಆಚೆ ಆಕಿದೂ ಗುಳುಗುಳು ಕೇಳ್ತಿತ್ತು. ಪಾಪ, ಕಹಿ ತೊಳ್ಕೊಳ್ತಾಳ ಅಂತ ನಾ ತಿಳ್ಕೊಂಡಿದ್ದೆ.

ನನ್ನ ಎದಿ ಹಗರ ಆದದ್ದ ತಡಾ, ವೈನಿ ಊರೆಲ್ಲಾ ಡಂಗುರಾ ಹೊಡದ್ಲು: “ಅಕ್ಕಾನ್ನ ನೋಡ್ರಿ! ನನ್ನ ಕಾಢಾ!” ನಾ ಸುಮ್ಮನಿದ್ದೆ. ನನ್ನ ಗುಟ್ಟೂ ಉಳೀತು, ಆಕಿ ಮಾನಾನೂ ಉಳೀತು. ಕಾಲೋನಿ ಹೆಂಗಸರು ಲೋಟಾ ಹಿಡ್ಕೊಂಡು ಆಕಿ ಬಾಗಲಿಗೆ ನಿಂತ್ರು. ಎಂದೂ ಸಕ್ರಿ ಕಡಾ ಕೊಡದ ಆ ವೈನಿ ಎಲ್ಲಾರಿಗೂ ಪುಕ್ಕಟ ಹಂಚಿದ್ಲು ನೋಡ್ರಿ, ಕಹಿ ಅಂತ.

೫. ದೀಪಾವಳಿ ಮುಂದ

ಕೆಳಗಿನ ಮನಿಯೊಳಗ ಒಬ್ಬಾಕಿ ಟೀಚರು. ಆಕಿಗೂ ದಮ್ಮು, ಆಕಿಗೂ ದಿನದ ಔಷಧ. ಹಬ್ಬ ಹತ್ರ ಬಂದಿತ್ತು, ಕಾಲೋನಿ ತುಂಬ ಸುಣ್ಣದ ಧೂಳ. ಒಂದು ಮಧ್ಯಾಹ್ನ ನಾನೂ ವೈನಿನೂ ಬಾಗಲಾಗ ಕೂತಾಗ ಆಕಿ ಮೆಟ್ಟಲಿನ ಕಟಾಂಜನಾ ಹಿಡ್ಕೊಂಡು ಮ್ಯಾಲೆ ಬಂದ್ಲು. ಒಂದು ಮಾತಿಗೆ ಎರಡು ಉಸಿರು.

“ವೈನೀ... ಕಾಢಾ... ಇನ್ನಷ್ಟು ಗಟ್ಟಿ ಕೊಡ್ರಿ...”

“ನಿಮ್ಮ ಪಂಪು?” ಅಂದೆ ನಾ.

“ಎಲ್ಲಾ ಬಿಟ್ಟೆ... ಅಕ್ಕಾ ನೀವ... ಕಾಢಾದಿಂದ...”

ಹಿಂದಿನ ದೀಪಾವಳಿ, ಮೂಗಿನ ನಳಗಿ ಕಣ್ಣ ಮುಂದ ಬಂತು. ಗುಟ್ಟು ಹೋಗ್ಲಿ, ಮೊಮ್ಮಗಳ ವರಾ ಹೋಗ್ಲಿ! ಸಂಚಿ ಜಗ್ಗಿ ಮಶೀನು ತಗದು ವೈನಿ ಎದುರಿಗೇ ಎತ್ತಿ ಹಿಡದೆ. “ಇದರಿಂದ ಆರಾಮ ಆದಾಕಿ ನಾನು! ಕಾಢಾದಿಂದ ಅಲ್ಲ! ನಿಮ್ಮ ನೀಲಿ ಪಂಪು ಎಲ್ಲೆದ?”

ವೈನಿ ತಡಾ ಮಾಡದ ಟೀಚರನ್ನ ನೆಟ್ಟಗ ಕೂಡಿಸಿ, ಸೀರಿ ಎತ್ತಿ ಕಟ್ಟಿ ಕೆಳಗ ಓಡಿ, ಆಕಿ ಕಪಾಟಿನಿಂದ ನೀಲಿ ಪಂಪು ತಂದು ಕೊಟ್ಟು, ಆಟೋ ಕೂಗಿದ್ಲು. ಮೂವರೂ ಡಾಕ್ಟರ್ ಬಾಯಿ ಹತ್ರ ಹೋದ್ವಿ. ಟೀಚರಿಗೆ ಗಾಳಿ ಕೊಟ್ರು. ಮಾರಿಗೆ ಬಣ್ಣ ಬಂತು, ದೇವರು ದೊಡ್ಡಾಂವ. ಡಾಕ್ಟರ್ ಬಾಯಿ ಹೊರಗ ಬಂದು ವೈನಿನ್ನ ನೋಡಿ ನಕ್ಲು: “ಅರೆ ಆಜೀ, ನೀವೂ ಬಂದೀರಿ? ನಿಮ್ಮ ಕ್ಯಾಪ್ಸೂಲು ಮುಗದಾವೇನು?”

ನಾ ವೈನಿ ಕಡೆ ತಿರುಗಿದೆ. ಆಕಿ ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ಲಿಕ್ಕೆ ಹತ್ತಿದ್ಲು.

“ಏನ ವೈನೀ! ನೀವೂ? ಆ ಗುಳುಗುಳು...?”

“ಹೌದು, ನಾನೂ. ನಿಮ್ಮಕಿಂತಾ ಮದಲ. ಕಾಢಾ ಕುಡೀರಿ ಅಂದೆ, ಪಂಪು ಬಿಡ್ರಿ ಅಂತ ಯಾವಾಗ ಅಂದೆ? ನಾನ ಬಿಟ್ಟಿಲ್ಲ!”

ಆ ದೀಪಾವಳಿಗೆ ಟೀಚರು ಬಾಗಲಿಗೆ ರಂಗೋಲಿ ಹಾಕಿದ್ಲು, ನಾ ಚಕ್ಕುಲಿ ಒತ್ತಿದೆ. ಒಂದು ತಾಟು ವೈನಿಗೆ ಒಯ್ದು, ನೀವು ಅವತ್ತು ಓಡಿದ್ದಕ್ಕ ಒಂದು ಜೀವ ಉಳೀತು ಅಂತ ಕೈ ಮುಗದೆ. ಆಕಿ ಚಕ್ಕುಲಿ ಮುರದು ಬಾಯಿಗೆ ಹಾಕ್ಕೊಂಡು, ನನ್ನ ಮಾರಿ ನೋಡಿ, ಮಾರೀ ಮ್ಯಾಲೆ ಅಂದ್ಲು:

“ಉಪಕಾರ ನಿಮ್ಮದೂ ಅದ ಅಕ್ಕಾ. ಮುಂಜಾನೆ ನಿಮ್ಮ ಗುಳುಗುಳು ಕೇಳಿದ ಮ್ಯಾಲೇ ನನಗ ಔಷಧದ ನೆನಪಾಗೂದು. ಇಷ್ಟು ವರ್ಷದಾಗ ನಿಮ್ಮ ಬಾಯಿಂದ ಈ ಕಾಲೋನಿಗೆ ಉಪಯೋಗ ಆಗಿದ್ದು ಅಂದ್ರ ಅದೊಂದ ಸಪ್ಪಳ.”